ಎಸ್‌ಒಪಿಯಲ್ಲಿ ಪೀಣ್ಯ ಯಾಕಿಲ್ಲ?

ಪ್ರಶ್ನೆ: ನಾನು ಹಾಸನದ ಕಡೆಯವನು. 2023ರಲ್ಲಿ ವಿಟಿಯುಗೆ ಸೇರಿದ ಕಾಲೇಜಿನಲ್ಲಿ ಮೆಕ್ಯಾನಿಕಲ್ ಬಿಇ ಮುಗಿಸಿದೆ. ಸಿಜಿಪಿಎ 7.4. ಒಂದು ಸಬ್ಜೆಕ್ಟ್ ಬ್ಯಾಕ್ ಇತ್ತು, ಆಮೇಲೆ ಪಾಸಾಯಿತು. ಎರಡು ವರ್ಷದಿಂದ ಪೀಣ್ಯದ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರಗಳ) ವರ್ಕ್‌ಶಾಪ್ ಒಂದರಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಜರ್ಮನಿಯಲ್ಲಿ ಮಾಸ್ಟರ್ಸ್ ಮಾಡುವ ಆಸೆ. ಕನ್ಸಲ್ಟೆನ್ಸಿಯವರು ಅಲ್ಲಿನ ಖಾಸಗಿ ಯೂನಿವರ್ಸಿಟಿಯಲ್ಲಿ ಸೀಟು ಗ್ಯಾರಂಟಿ ಅನ್ನುತ್ತಿದ್ದಾರೆ. ನನ್ನ ಎಸ್‌ಒಪಿಯನ್ನೂ (ಈ ಕೋರ್ಸ್ ಯಾಕೆ ಓದಬೇಕು ಅಂತ ಅರ್ಜಿ ಜೊತೆ ಬರೆಯುವ ಪತ್ರ) ಕಳಿಸಿದ್ದೇನೆ, ಹೇಗಿದೆ ಹೇಳಿ.

ಉತ್ತರ: ಎಸ್‌ಒಪಿ ಓದಿದೆ. ಮೊದಲ ಸಾಲು ಕಲಾಂ ಅವರದೆಂದು ಕೊಟ್ಟ ಒಂದು ಮಾತು. ಎರಡನೆಯದು ‘ಚಿಕ್ಕಂದಿನಿಂದಲೂ ನನಗೆ ಯಂತ್ರಗಳೆಂದರೆ ಹುಚ್ಚು’. ಎರಡು ಪುಟ ಮುಗಿದರೂ ಪೀಣ್ಯದ ಸುದ್ದಿಯೇ ಇಲ್ಲ! ಆದರೆ ಇಮೇಲ್ ಕೊನೆಯಲ್ಲಿ ಸುಮ್ನೆ ಒಂದು ಮಾತು ಬರೆದಿದ್ದೀರಿ. ಬೆಳಗಿನ ಪಾಳಿಯಲ್ಲಿ ಮೊದಲ ಏಳೆಂಟು ಪೀಸುಗಳ ಬೋರ್ (ಕೊರೆದ ರಂಧ್ರ) ಅಳತೆ ಹದಿನೈದಿಪ್ಪತ್ತು ಮೈಕ್ರಾನ್ ಆಚೀಚೆ ಬರುತ್ತಿತ್ತು, ಮಷಿನ್ ಬಿಸಿಯಾದ ಮೇಲೆ ತಾನೇ ಸರಿಹೋಗುತ್ತಿತ್ತು. ಒಂದು ತಿಂಗಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿರಿ. ಆಮೇಲೆ ಕೆಲಸಕ್ಕೆ ಮುಂಚೆ ಸ್ಪಿಂಡಲನ್ನು (ಮಷಿನ್ನಿನ ತಿರುಗುವ ಅಕ್ಷ) ಅರ್ಧ ಗಂಟೆ ಖಾಲಿ ಓಡಿಸುವ ರೂಢಿ ಮಾಡಿಸಿದಿರಿ.

ಎಸ್‌ಒಪಿ ಶುರುವಾಗಬೇಕಾದ್ದು ಅಲ್ಲಿಂದ. ಬಿಸಿಗೆ ಲೋಹ ಹಿಗ್ಗಿ ಅಳತೆ ತಪ್ಪುವುದು ಮಷಿನ್ ಟೂಲ್ ಓದುವವರಿಗೆ ಇವತ್ತಿಗೂ ದೊಡ್ಡ ತಲೆನೋವು. ಜರ್ಮನಿಯ ಆಖೆನ್‌ನ ಆರ್‌ಡಬ್ಲ್ಯುಟಿಎಚ್ ಯೂನಿವರ್ಸಿಟಿಯಲ್ಲಿ ಮಷಿನ್ ಟೂಲ್‌ಗಳಿಗೆಂದೇ ಡಬ್ಲ್ಯುಝಡ್‌ಎಲ್ ಅನ್ನುವ ಹೆಸರಾಂತ ಲ್ಯಾಬ್ ಇದೆ. ಅರ್ಜಿ ಓದುವವರಿಗೆ ಕಲಾಂ ಗೊತ್ತಿರಬಹುದು, ಇಲ್ಲದಿರಬಹುದು. ಬೆಳಗಿನ ಹೊತ್ತು ತಣ್ಣಗಿರುವ ಸ್ಪಿಂಡಲ್ ಮಾತ್ರ ಖಂಡಿತ ಗೊತ್ತು. ಏನು ಗಮನಿಸಿದಿರಿ, ಏನು ಮಾಡಿದಿರಿ, ಎಲ್ಲಿ ಸಿಕ್ಕಿಹಾಕಿಕೊಂಡಿರಿ, ಅದನ್ನು ಬಿಡಿಸಲು ಆ ಕೋರ್ಸಿನ ಯಾವ ವಿಷಯ ಬೇಕು, ಇಷ್ಟು ಬರೆಯಿರಿ. ಒಂದೂವರೆ ಪುಟ ಧಾರಾಳ ಆಯಿತು. ಬ್ಯಾಕ್ ಆದ ಸಬ್ಜೆಕ್ಟಿಗೆ ಕ್ಷಮಾಪಣೆ ಪತ್ರ ಬೇಡ, ಅದು ಅಂಕಪಟ್ಟಿಯಲ್ಲೇ ಇರುತ್ತದೆ.

ಶಿಫಾರಸು ಪತ್ರದ ವಿಷಯವೂ ಇದೇ. ‘ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ’ ಅನ್ನುವ ಎಚ್‌ಒಡಿಗಳನ್ನು ನಾವೆಲ್ಲ ಕಂಡಿದ್ದೇವೆ. ಅವರಿಗೆ ಪತ್ರ ಬರೆದುಕೊಡಬೇಡಿ. ಪ್ರಾಜೆಕ್ಟಿನಲ್ಲಿ ಏನು ಮಾಡಿದಿರಿ ಅನ್ನುವುದನ್ನು ಒಂದು ಪುಟದಲ್ಲಿ ಕೊಟ್ಟು, ಅವರಿಂದಲೇ ನಾಲ್ಕು ಸಾಲು ಬರೆಸಿ. ಎಸ್‌ಒಪಿಗೂ ಮೂರು ಶಿಫಾರಸು ಪತ್ರಕ್ಕೂ ಒಂದೇ ಇಂಗ್ಲಿಷ್ ಇದ್ದರೆ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ.

ಈಗ ಅಂಕ. ಜರ್ಮನಿಯಲ್ಲಿ 1 ಅಂದರೆ ಅತಿ ಒಳ್ಳೆಯದು, 4 ಅಂದರೆ ಬರೀ ಪಾಸ್. ನಮ್ಮ ಅಂಕವನ್ನು ಅವರ ಲೆಕ್ಕಕ್ಕೆ ತರಲು ಒಂದು ಸೂತ್ರ ಇದೆ. ಗರಿಷ್ಠ ಅಂಕದಲ್ಲಿ ನಿಮ್ಮ ಅಂಕ ಕಳೆದು, ಅದನ್ನು ಗರಿಷ್ಠ ಮತ್ತು ಪಾಸ್ ಅಂಕಗಳ ವ್ಯತ್ಯಾಸದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಬೇಕು. ನಿಮ್ಮ 7.4ಕ್ಕೆ ಪಾಸ್ ಅಂಕ 4 ಅಂತ ಹಿಡಿದರೆ 2.3 ಬರುತ್ತದೆ. 5 ಅಂತ ಹಿಡಿದರೆ 2.56. ಎಷ್ಟೋ ಕೋರ್ಸುಗಳ ಗಡಿ 2.5. ಒಂದರಲ್ಲಿ ಒಳಗೆ, ಇನ್ನೊಂದರಲ್ಲಿ ಹೊರಗೆ! ಹಾಗಾಗಿ ಪಾಸಾಗಲು ಕನಿಷ್ಠ ಎಷ್ಟು ಬೇಕು ಅನ್ನುವುದು ನಿಮ್ಮ ಟ್ರಾನ್ಸ್‌ಕ್ರಿಪ್ಟಿನಲ್ಲಿ ಸ್ಪಷ್ಟವಾಗಿ ಇದೆಯಾ ನೋಡಿ. ಸಿಲಬಸ್ ಪ್ರತಿಯನ್ನೂ ಇಟ್ಟುಕೊಳ್ಳಿ. ಗಣಿತ ಎಷ್ಟು ಕ್ರೆಡಿಟ್, ಕಂಟ್ರೋಲ್ ಎಂಜಿನಿಯರಿಂಗ್ ಎಷ್ಟು ಕ್ರೆಡಿಟ್ ಅಂತ ಒಂದೊಂದೇ ತಾಳೆ ನೋಡುತ್ತಾರೆ. ಒಳ್ಳೆಯ ಸಿಜಿಪಿಎ ಇದ್ದವರೂ ಇಲ್ಲಿ ಬಿದ್ದುಹೋಗುವುದುಂಟು.

ಭಾರತದ ವಿದ್ಯಾರ್ಥಿಗಳಿಗೆ 2022ರ ನವೆಂಬರ್‌ನಿಂದ ಎಪಿಎಸ್ ಪ್ರಮಾಣಪತ್ರ (ಅಂಕಪಟ್ಟಿ, ಪದವಿ ಅಸಲಿ ಅಂತ ಪರಿಶೀಲಿಸಿ ಕೊಡುವ ಪತ್ರ) ಕಡ್ಡಾಯ. ಶುಲ್ಕ 18,000 ರೂಪಾಯಿ. ಕೈಗೆ ಬರಲು ವಾರಗಟ್ಟಲೆ ಬೇಕು, ಆದ್ದರಿಂದ ಮೊದಲು ಅದಕ್ಕೇ ಕೈ ಹಾಕಿ. ತರಗತಿ ಅಕ್ಟೋಬರ್‌ನಲ್ಲಿ ಶುರುವಾದರೂ ಅರ್ಜಿಯ ಗಡುವು ಕೆಲವೆಡೆ ಜುಲೈ 15, ಕೆಲವೆಡೆ ಮೇ 31. ಮಾರ್ಚ್ 1ಕ್ಕೇ ಬಾಗಿಲು ಹಾಕುವವರೂ ಇದ್ದಾರೆ.

ಇನ್ನು ನಿಮ್ಮ ಕನ್ಸಲ್ಟೆನ್ಸಿ. ಜರ್ಮನಿಯ ಸರ್ಕಾರಿ ಯೂನಿವರ್ಸಿಟಿಗಳು ಸಾಮಾನ್ಯವಾಗಿ ಏಜೆಂಟರಿಗೆ ಕಮಿಷನ್ ಕೊಡುವುದಿಲ್ಲ. ಖಾಸಗಿಯವು ಕೊಡುತ್ತವೆ. ಗ್ಯಾರಂಟಿ ಎಲ್ಲಿಂದ ಬಂತು ಅಂತ ಗೊತ್ತಾಯಿತಲ್ವಾ? ಸರ್ಕಾರಿ ಯೂನಿವರ್ಸಿಟಿಗಳ ಬಹುಪಾಲು ಮಾಸ್ಟರ್ಸ್ ಕೋರ್ಸುಗಳಲ್ಲಿ ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರ್‌ಗೆ ಕೆಲವು ನೂರು ಯೂರೋ ಕಟ್ಟಿದರೆ ಆಯಿತು. ಆದರೆ ‘ಜರ್ಮನಿ ಫ್ರೀ’ ಅನ್ನುವ ಮಾತು ಎಲ್ಲ ಕಡೆಗೂ ನಿಜವಲ್ಲ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಹಾಕುತ್ತಿದೆ. ಮ್ಯೂನಿಕ್‌ನ ಟಿಯುಎಂ ಯೂನಿವರ್ಸಿಟಿ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಅಂಥವರಿಂದ ಮಾಸ್ಟರ್ಸ್‌ಗೆ 4,000ದಿಂದ 6,000 ಯೂರೋ ತೆಗೆದುಕೊಳ್ಳುತ್ತದೆ, ಅದೂ ಪ್ರತಿ ಸೆಮಿಸ್ಟರ್‌ಗೆ. ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ ಈಗಿನ ಲೆಕ್ಕದ ಪ್ರಕಾರ 11,904 ಯೂರೋ ಇಡಬೇಕು. ಅಲ್ಲಿಗೆ ಹೋದ ಮೇಲೆ ಅದು ತಿಂಗಳಿಗೆ 992ರಂತೆ ನಿಮ್ಮ ಕೈಗೇ ಬರುತ್ತದೆ.

ಕೋರ್ಸ್ ಇಂಗ್ಲಿಷಿನಲ್ಲೇ ಇರಲಿ, ಭಾನುವಾರಗಳಲ್ಲಿ ಜರ್ಮನ್ ಕಲಿಯಿರಿ. ಇಂದಿರಾನಗರದಲ್ಲಿ ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನ ಇದೆ. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಇರಲು ಬಿಡುತ್ತಾರೆ. ಶಾಪ್ ಫ್ಲೋರಿನಲ್ಲಿ ಆಪರೇಟರ್ ಜೊತೆ ಮಾತಾಡಲು ಬಾರದ ಪ್ರೊಡಕ್ಷನ್ ಎಂಜಿನಿಯರನ್ನು ಯಾರು ಇಟ್ಟುಕೊಳ್ಳುತ್ತಾರೆ, ಹೇಳಿ.

ಪ್ರಶ್ನೆ: ಮಗಳಿಗೆ ಇಂಗ್ಲೆಂಡಿನಲ್ಲಿ ಒಂದು ವರ್ಷದ ಎಂಎಸ್‌ಸಿಗೆ ಸೀಟು ಸಿಕ್ಕಿದೆ. ಒಟ್ಟು 30 ಲಕ್ಷ ಬೇಕು. ತಿಪಟೂರು ಹತ್ತಿರ ನಾಲ್ಕು ಎಕರೆ ತೆಂಗಿನ ತೋಟ ಇದೆ. ಪಹಣಿ ತಗೊಂಡು ಬ್ಯಾಂಕಿಗೆ ಹೋದರೆ ಇದರ ಮೇಲೆ ಆಗಲ್ಲ ಅಂದರು. ತೋಟ ಮಾರಿಬಿಡೋಣವೇ?

ಉತ್ತರ: ಮಾರಬೇಡಿ ಯಜಮಾನರೇ, ಸ್ವಲ್ಪ ತಡೆಯಿರಿ. ಬ್ಯಾಂಕಿನವರು ನಿಮ್ಮನ್ನು ಸಾಗಹಾಕಿದ್ದಲ್ಲ. ಸಾಲ ವಾಪಸಾಗದಿದ್ದರೆ ಕೋರ್ಟಿಗೆ ಹೋಗದೆ ಆಸ್ತಿ ವಶಕ್ಕೆ ತೆಗೆದುಕೊಳ್ಳಲು ಬ್ಯಾಂಕುಗಳಿಗೆ 2002ರ ಸರ್ಫೇಸಿ ಕಾಯ್ದೆ ಇದೆ. ಕೃಷಿ ಜಮೀನಿಗೆ ಅದು ಅನ್ವಯಿಸುವುದಿಲ್ಲ. ಅದಕ್ಕೇ ಶಿಕ್ಷಣ ಸಾಲಕ್ಕೆ ಹೊಲ, ತೋಟವನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಊರಿನ ಮನೆ ನಿಮ್ಮ ಹೆಸರಿನಲ್ಲಿದೆಯಾ? ಪಂಚಾಯಿತಿಯಿಂದ ಇ-ಸ್ವತ್ತು ಫಾರಂ 9, 11ಎ ತೆಗೆಸಿ, ಇಸಿ (ಋಣಭಾರ ಪತ್ರ) ಜೊತೆ ತೋರಿಸಿ. ಎಫ್‌ಡಿ, ಎಲ್‌ಐಸಿ ಪಾಲಿಸಿ ಇದ್ದರೆ ಅವೂ ಲೆಕ್ಕಕ್ಕೆ ಬರುತ್ತವೆ. ಅಣ್ಣ ತಮ್ಮಂದಿರ ಪಟ್ಟಣದ ಮನೆಯನ್ನು, ಅವರು ಮನಸಾರೆ ಒಪ್ಪಿದರೆ ಮಾತ್ರ, ಜಾಮೀನಿಗೆ ಇಡಬಹುದು. ಇದರಿಂದ ಮನಸ್ತಾಪ ಆದ ಮನೆಗಳನ್ನೂ ನೋಡಿದ್ದೇನೆ.

ಬಡ್ಡಿ ಶೇ 10.5 ಅಂತ ಇಟ್ಟುಕೊಳ್ಳಿ. 30 ಲಕ್ಷಕ್ಕೆ ವರ್ಷಕ್ಕೆ 3 ಲಕ್ಷ 15 ಸಾವಿರ, ತಿಂಗಳಿಗೆ 26,250. ಓದುವ ಒಂದು ವರ್ಷ, ಆಮೇಲೆ ಇನ್ನೊಂದು ವರ್ಷ ಕಂತು ಕಟ್ಟದೆ ಇರಬಹುದು. ಆದರೆ ಬಡ್ಡಿ ಓಡುತ್ತಲೇ ಇರುತ್ತದೆ. ಇಡೀ ಸಾಲ ಮೊದಲ ದಿನವೇ ತೆಗೆದರೆ ಎರಡು ವರ್ಷಕ್ಕೆ 6 ಲಕ್ಷ 30 ಸಾವಿರ. ಕೊಬ್ಬರಿ ದುಡ್ಡು ಬಂದಾಗ ಬಡ್ಡಿಯನ್ನಾದರೂ ಕಟ್ಟುತ್ತಾ ಹೋಗಿ.

ವೀಸಾಕ್ಕೆ ಸ್ವಂತ ದುಡ್ಡು ತೋರಿಸುವುದಾದರೆ ಅದು ಖಾತೆಯಲ್ಲಿ ಸತತ 28 ದಿನ ಇರಬೇಕು. ಕೈಗಡ ತಂದು ಎರಡು ದಿನ ಇಟ್ಟು ತೆಗೆದರೆ ವೀಸಾ ತಿರಸ್ಕಾರ ಆಗುತ್ತದೆ. ಮಗಳ ಹತ್ತಿರ ಇನ್ನೊಂದು ವಿಷಯ ಕೂತು ಮಾತಾಡಿ. ಓದಿನ ನಂತರ ಅಲ್ಲಿರಲು ಈಗ ಎರಡು ವರ್ಷದ ವೀಸಾ ಸಿಗುತ್ತದೆ. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳು. ಅಲ್ಲಿ ಕೆಲಸ ಸಿಗದೆ ವಾಪಸ್ ಬಂದರೂ ಇಲ್ಲಿನ ಸಂಬಳದಲ್ಲಿ ಕಂತು ಕಟ್ಟಲು ಆಗುತ್ತದಾ? ಆಗುತ್ತದೆ ಅಂತ ಅವಳು ಲೆಕ್ಕ ಹಾಕಿ ತೋರಿಸಿದರೆ ಧೈರ್ಯವಾಗಿ ಕಳಿಸಿ.

ಪ್ರಶ್ನೆ: ಮೈಸೂರಿನಲ್ಲಿ ಎಂಎಸ್‌ಸಿ ಫಿಸಿಕ್ಸ್ ಓದುತ್ತಿದ್ದೇನೆ. ಮನೆಯಲ್ಲಿ ಒಂದು ರೂಪಾಯಿಯೂ ಹುಟ್ಟುವುದಿಲ್ಲ. ಅಮೆರಿಕದ ಆಸೆ ಬಿಟ್ಟುಬಿಡಬೇಕೇ?

ಉತ್ತರ: ಬಿಡಬೇಡಿ, ಎಂಎಸ್ ಬದಲು ನೇರವಾಗಿ ಪಿಎಚ್‌ಡಿಗೆ ಅರ್ಜಿ ಹಾಕಿ. ಅಲ್ಲಿ ಫಿಸಿಕ್ಸ್ ಪಿಎಚ್‌ಡಿಗೆ ತೆಗೆದುಕೊಂಡರೆ ಸಾಮಾನ್ಯವಾಗಿ ಫೀಸು ಅವರೇ ಭರಿಸಿ, ಪಾಠ ಹೇಳುವ ಅಥವಾ ಸಂಶೋಧನೆಯ ಕೆಲಸಕ್ಕೆ ಸ್ಟೈಪೆಂಡ್ ಕೊಡುತ್ತಾರೆ. ಗಡುವು ಹೆಚ್ಚಾಗಿ ಡಿಸೆಂಬರ್‌ನಲ್ಲಿ. ಅರ್ಜಿ ಶುಲ್ಕವೇ ಕಷ್ಟ ಅಂದರೆ ವಿನಾಯಿತಿ ಕೇಳಿ, ಕೇಳುವುದರಲ್ಲಿ ನಾಚಿಕೆ ಏನಿಲ್ಲ. ಸ್ಟೈಪೆಂಡ್ ಸಮೇತ ಆಫರ್ ಬಂದರೆ ಅಲ್ಲಿನ ಬಹಳಷ್ಟು ಯೂನಿವರ್ಸಿಟಿಗಳು ಒಪ್ಪಿಕೊಂಡಿರುವಂತೆ ಏಪ್ರಿಲ್ 15ರವರೆಗೆ ಯೋಚಿಸಲು ನಿಮಗೆ ಸಮಯ ಇರುತ್ತದೆ. ಅದಕ್ಕೂ ಮುಂಚೆ ಯಾರಾದರೂ ಅವಸರ ಮಾಡಿದರೆ ಆ ತಾರೀಕನ್ನು ವಿನಯದಿಂದ ನೆನಪಿಸಿ.