ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ಬಿಡಿಭಾಗಗಳಿಗೆ ಹೊಂದುವ ಫುಲ್ ಸಸ್ಪೆನ್ಷನ್ ಫ್ರೇಮ್

ಪ್ರಶ್ನೆ: ನನ್ನ ಅಲ್ಯೂಮಿನಿಯಂ ಹಾರ್ಡ್‌ಟೇಲ್ (ಮುಂದೆ ಮಾತ್ರ ಸಸ್ಪೆನ್ಷನ್ ಇರುವ) ಮೌಂಟನ್ ಬೈಕಿನ ಫ್ರೇಮ್ ಸೀಟ್ ಟ್ಯೂಬಿನ ಬೆಸುಗೆಯ ಹತ್ತಿರ ಬಿರುಕು ಬಿಟ್ಟಿದೆ. ಉಳಿದ ಭಾಗಗಳೆಲ್ಲ ಸುಸ್ಥಿತಿಯಲ್ಲಿವೆ: 27.5 ಇಂಚಿನ ಚಕ್ರಗಳು, ಹಿಂದಿನ ಹಬ್ 12×142 (ಆ್ಯಕ್ಸಲ್ ವ್ಯಾಸ × ಹಬ್ಬಿನ ಅಗಲ, ಮಿ.ಮೀ.ನಲ್ಲಿ), ಮುಂದಿನದು 15×100, ಟೇಪರ್ಡ್ ಸ್ಟಿಯರರ್ (ಹ್ಯಾಂಡಲ್ ಕಡೆಗೆ ಹೋಗುವ, ಕೆಳಗೆ ದಪ್ಪವಾಗುವ ಕೊಳವೆ) ಇರುವ 120 ಮಿ.ಮೀ. ಏರ್ ಫೋರ್ಕ್, ಮುಂದೆ ಒಂದೇ ಹಲ್ಲುಚಕ್ರವಿರುವ ಶಿಮಾನೊ 11 ಸ್ಪೀಡ್ ಗೇರು, 24 ಮಿ.ಮೀ. ಆ್ಯಕ್ಸಲ್‌ನ ಕ್ರ್ಯಾಂಕ್, 30.9 ಮಿ.ಮೀ. ಡ್ರಾಪರ್ ಸೀಟ್ ಪೋಸ್ಟ್ (ಓಡಿಸುತ್ತಲೇ ಸೀಟನ್ನು ತಗ್ಗಿಸಬಲ್ಲ ಕಂಬ), ಹೈಡ್ರಾಲಿಕ್ ಡಿಸ್ಕ್ ಬ್ರೇಕ್. ಇವನ್ನೇ ಬಳಸಿಕೊಂಡು ಫುಲ್ ಸಸ್ಪೆನ್ಷನ್ ಬೈಕ್ ಕಟ್ಟಬೇಕೆಂದಿದ್ದೇನೆ. ಬಳಸಿದ ಎರಡು ಫ್ರೇಮ್‌ಗಳು ಮಾರಾಟಕ್ಕಿವೆ. ಒಂದು 2014–15ರ ಕಾಲದ್ದು, 27.5 ಇಂಚು, 130 ಮಿ.ಮೀ. ಟ್ರಾವೆಲ್ (ಸಸ್ಪೆನ್ಷನ್‌ನಲ್ಲಿ ಚಕ್ರ ಆಡುವ ದೂರ), ಹಿಂದೆ 12×142, ಪ್ರೆಸ್‌ಫಿಟ್ 92 ಬಾಟಮ್ ಬ್ರ್ಯಾಕೆಟ್ (ಕ್ರ್ಯಾಂಕ್ ತಿರುಗುವ ಬೇರಿಂಗ್ ಕೂರುವ ಜಾಗ), 200×57 ಶಾಕ್ (ಉದ್ದ × ಸ್ಟ್ರೋಕ್, ಅಂದರೆ ಅದು ಕುಗ್ಗುವ ದೂರ). ಇನ್ನೊಂದು ಈಚಿನದು, 29 ಇಂಚು, 130 ಮಿ.ಮೀ. ಟ್ರಾವೆಲ್, ಹಿಂದೆ 12×148 (ಬೂಸ್ಟ್ ಎಂಬ ಅಗಲ ಹಬ್ಬಿನ ಅಳತೆ), ಥ್ರೆಡ್ ಇರುವ ಬಾಟಮ್ ಬ್ರ್ಯಾಕೆಟ್, 185×50 ಟ್ರನಿಯನ್ (ಒಂದು ತುದಿ ಬದಿಯ ಬೋಲ್ಟುಗಳಿಂದ ಕೂರುವ) ಶಾಕ್, 31.6 ಮಿ.ಮೀ. ಸೀಟ್ ಟ್ಯೂಬ್. ಹೊಸದನ್ನೇ ಕೊಳ್ಳುವುದು ಜಾಣತನವಲ್ಲವೆ? (ಓದುಗರು, ಮಡಿಕೇರಿ)

ಉತ್ತರ: ನಿಮ್ಮ ಬಳಿ ಈಗಿರುವ ಭಾಗಗಳ ಮಟ್ಟಿಗೆ ಹೇಳುವುದಾದರೆ ಅಲ್ಲ. ಫ್ರೇಮ್ ಎಷ್ಟು ಹೊಸದು ಎಂಬುದಕ್ಕಿಂತ, ನಿಮ್ಮಲ್ಲಿರುವ ಅತಿ ದುಬಾರಿ ಭಾಗಗಳು ಅದರಲ್ಲಿ ಕೂರುತ್ತವೆಯೇ ಎಂಬುದನ್ನು ಮೊದಲು ನೋಡಬೇಕು. ಫೋರ್ಕ್ ಮತ್ತು ಚಕ್ರಗಳು, ಇವೆರಡೇ ಈ ವಿಷಯದಲ್ಲಿ ತೀರ್ಪುಗಾರರು. ಬಾಟಮ್ ಬ್ರ್ಯಾಕೆಟ್, ಹೆಡ್‌ಸೆಟ್ (ಸ್ಟಿಯರರ್ ತಿರುಗುವ ಬೇರಿಂಗ್ ಜೋಡಿ), ಬ್ರೇಕ್ ಅಡಾಪ್ಟರ್, ಸೀಟ್ ಕ್ಲ್ಯಾಂಪ್ ಮೊದಲಾದವು ಹೊಂದದಿದ್ದರೆ ಅವನ್ನು ಬದಲಿಸುವ ಖರ್ಚು ಹೆಚ್ಚಲ್ಲ. ಫೋರ್ಕ್ ಮತ್ತು ಚಕ್ರಗಳೇ ಹೊಂದದಿದ್ದರೆ, ಹಳೆಯ ಭಾಗಗಳನ್ನು ಉಳಿಸಿಕೊಳ್ಳುವ ಲೆಕ್ಕಾಚಾರಕ್ಕೇ ಅರ್ಥವಿಲ್ಲ.

ಅಳತೆಗಳ ಗೊಂದಲದಲ್ಲಿ ದಾರಿ ತೋರುವ ಒಂದು ಸರಳ ನಿಯಮವಿದೆ. ಸಣ್ಣದನ್ನು ದೊಡ್ಡದರೊಳಗೆ ಕೂರಿಸಬಹುದು, ದೊಡ್ಡದನ್ನು ಸಣ್ಣದರೊಳಗೆ ತೂರಿಸಲಾಗದು. ನಿಮ್ಮ 30.9 ಮಿ.ಮೀ. ಸೀಟ್ ಪೋಸ್ಟನ್ನು 31.6 ಮಿ.ಮೀ. ಟ್ಯೂಬಿನಲ್ಲಿ ತೆಳುವಾದ ಶಿಮ್ ಹಾಕಿ ಬಳಸಬಹುದು, ಆದರೆ 31.6ರ ಪೋಸ್ಟನ್ನು 30.9ರ ಟ್ಯೂಬಿಗೆ ಇಳಿಸುವ ಉಪಾಯವೇ ಇಲ್ಲ. 142ರ ಹಬ್ಬನ್ನು 148ರ ಬೂಸ್ಟ್ ಫ್ರೇಮಿಗೆ ಹೊಂದಿಸುವ ಕಿಟ್‌ಗಳು ಸಿಗುತ್ತವೆ; ಎರಡೂ ಬದಿಗೆ 3 ಮಿ.ಮೀ. ದಪ್ಪದ ತುದಿಗಳು, ಡಿಸ್ಕ್ ರೋಟರಿನ ಕೆಳಗೆ 3 ಮಿ.ಮೀ. ಸ್ಪೇಸರ್ ಮತ್ತು ಅದಕ್ಕೆ ಬೇಕಾದ ಉದ್ದನೆಯ ಬೋಲ್ಟುಗಳು ಅದರಲ್ಲಿರುತ್ತವೆ. ಬೂಸ್ಟ್ ಹಬ್ಬನ್ನು 142ರ ಫ್ರೇಮಿಗೆ ಹಾಕುವ ಕಿಟ್ ಮಾತ್ರ ಎಲ್ಲಿಯೂ ಸಿಗದು. ಫೋರ್ಕಿಗೂ ಇದೇ ಮಾತು ಸಲ್ಲುತ್ತದೆ: ನೇರ ಸ್ಟಿಯರರ್ ಇರುವ ಫೋರ್ಕನ್ನು ಟೇಪರ್ಡ್ ಹೆಡ್ ಟ್ಯೂಬಿಗೆ (ಸ್ಟಿಯರರ್ ಹೋಗುವ ಫ್ರೇಮಿನ ಮುಂಗೊಳವೆಗೆ) ರಿಡ್ಯೂಸರ್ ಹಾಕಿ ಕೂರಿಸಬಹುದು, ಆದರೆ ಒಳಗೆ 34 ಮಿ.ಮೀ. ಮಾತ್ರ ಇರುವ ಹಳೆಯ ಹೆಡ್ ಟ್ಯೂಬಿಗೆ ಟೇಪರ್ಡ್ ಸ್ಟಿಯರರ್ ಹೋಗುವುದಿಲ್ಲ.

ಈ ನಿಯಮ ನೆಚ್ಚಲಾಗದ ಜಾಗವೆಂದರೆ ಚಕ್ರದ ಗಾತ್ರ, ಮತ್ತು ನೀವು ಎಡವಬಹುದಾದದ್ದೂ ಅಲ್ಲೇ. 27.5 ಇಂಚಿನ ಚಕ್ರ 29 ಇಂಚಿನ ಫ್ರೇಮಿನಲ್ಲಿ ಖಂಡಿತ ಕೂರುತ್ತದೆ, ತಿರುಗುತ್ತದೆ, ಟೈರಿನ ಸುತ್ತ ಧಾರಾಳ ಜಾಗವೂ ಉಳಿಯುತ್ತದೆ. ಆದರೆ ರಿಮ್ಮಿನ ವ್ಯಾಸ 622ರಿಂದ 584 ಮಿ.ಮೀ.ಗೆ ಇಳಿಯುವುದರಿಂದ, ಅದೇ ದಪ್ಪದ ಟೈರ್ ಹಾಕಿದರೂ ಆ್ಯಕ್ಸಲ್ 19 ಮಿ.ಮೀ. ಕೆಳಗೆ ಬರುತ್ತದೆ, ಅದರೊಂದಿಗೆ ಬಾಟಮ್ ಬ್ರ್ಯಾಕೆಟ್ ಕೂಡ ನೆಲದತ್ತ ಇಳಿಯುತ್ತದೆ. ಫುಲ್ ಸಸ್ಪೆನ್ಷನ್ ಬೈಕ್ ಸವಾರನ ಭಾರಕ್ಕೆ ಮೊದಲೇ ಒಂದಿಷ್ಟು ಕುಸಿದಿರುತ್ತದೆ ಎಂಬುದನ್ನು ಇದಕ್ಕೆ ಸೇರಿಸಿಕೊಳ್ಳಿ. ಇನ್ನು ಫೋರ್ಕ್: 29ರ ಫ್ರೇಮ್ 140 ಮಿ.ಮೀ. ಫೋರ್ಕಿಗೆಂದು ರಚಿತವಾಗಿದ್ದರೆ, ನಿಮ್ಮ 27.5ರ 120 ಮಿ.ಮೀ. ಫೋರ್ಕ್ ಅದಕ್ಕಿಂತ ಮೂರು ಸೆಂಟಿಮೀಟರಿನ ಆಸುಪಾಸು ಗಿಡ್ಡವಾಗುತ್ತದೆ. ಮುಂದೆಯೂ ಹಿಂದೆಯೂ ತಗ್ಗಿದ ಇಂಥ ಬೈಕಿನಲ್ಲಿ ಕೊಡಗಿನ ಬೇರು, ಕಲ್ಲುಗಳ ಕಾಲುದಾರಿ ತುಳಿದರೆ ಪೆಡಲ್ ಹೆಜ್ಜೆಹೆಜ್ಜೆಗೂ ನೆಲಕ್ಕೆ ಬಡಿಯುತ್ತದೆ. ಹಬ್‌ ಅಡಾಪ್ಟರ್ ಸಿಕ್ಕಿತೆಂಬ ಸಂತೋಷದಲ್ಲಿ ಈ ಎರಡನೆಯ ಫ್ರೇಮ್ ಕೊಂಡವರು ಕಡೆಗೆ ಹೊಸ ಚಕ್ರ, ಹೊಸ ಫೋರ್ಕ್ ಎರಡನ್ನೂ ಕೊಳ್ಳಬೇಕಾಗುತ್ತದೆ. ಅಷ್ಟು ಹಣ ಹಾಕುವುದಾದರೆ ಬಳಸಿದ ಇಡೀ ಬೈಕನ್ನೇ ಕೊಂಡು, ನಿಮ್ಮ ಭಾಗಗಳನ್ನು ಮಾರಿಬಿಡುವುದು ಅಗ್ಗ.

ಆದ್ದರಿಂದ ಮೊದಲನೆಯ ಫ್ರೇಮನ್ನು ನೋಡೋಣ. ನಿಮ್ಮ ಹಿಂದಿನ ಚಕ್ರ ಯಾವ ಕಿಟ್ಟೂ ಇಲ್ಲದೆ ಅದಕ್ಕೆ ಹೊಂದುತ್ತದೆ. ಮುಂದಿನ ಹಬ್ ಫೋರ್ಕಿಗೆ ಸಂಬಂಧಿಸಿದ್ದು, ಫ್ರೇಮಿಗಲ್ಲ. ಪ್ರೆಸ್‌ಫಿಟ್ 92 ಎಂಬ ಹೆಸರಿಗೆ ಅಂಜಬೇಕಿಲ್ಲ. ನಿಮ್ಮ ಹಾರ್ಡ್‌ಟೇಲಿನ 73 ಮಿ.ಮೀ. ಥ್ರೆಡ್ ಶೆಲ್ಲಿನ ಹೊರಗೆ ಎರಡು ಬದಿಗೂ ಬೇರಿಂಗ್ ಬಟ್ಟಲುಗಳಿದ್ದವಲ್ಲ, ಅವು ಸೇರಿ ಆಗುತ್ತಿದ್ದ ಅಗಲವನ್ನೇ ಇಲ್ಲಿ ಶೆಲ್ಲಿಗೆ ಕೊಟ್ಟು ಬೇರಿಂಗನ್ನು ಒಳಗೆ ಒತ್ತಿದ್ದಾರೆ. ಹಾಗಾಗಿ 24 ಮಿ.ಮೀ. ಆ್ಯಕ್ಸಲ್‌ಗೆ ತಕ್ಕ ಪ್ರೆಸ್‌ಫಿಟ್ ಬಟ್ಟಲುಗಳನ್ನು ಕೊಂಡರೆ ನಿಮ್ಮ ಕ್ರ್ಯಾಂಕ್ ಹಾಗೆಯೇ ಕೂರುತ್ತದೆ, ಚೈನ್ ಲೈನ್ (ಮುಂದಿನ, ಹಿಂದಿನ ಹಲ್ಲುಚಕ್ರಗಳ ನೇರ) ಕೂಡ ಕೆಡುವುದಿಲ್ಲ. ಮಳೆಗಾಲದಲ್ಲಿ ಈ ಬಗೆಯ ಬ್ರ್ಯಾಕೆಟ್ ಕಿರುಗುಟ್ಟುವುದುಂಟು ಎಂಬ ದೂರು ನಿಜ. ಶೆಲ್ಲನ್ನು ಚೆನ್ನಾಗಿ ಒರೆಸಿ, ಬಡಿಯದೆ, ಪ್ರೆಸ್ ಉಪಕರಣದಿಂದ ನೇರವಾಗಿ ಒತ್ತಿ ಕೂರಿಸಿದರೆ ಅದು ಬಹುಮಟ್ಟಿಗೆ ತಪ್ಪುತ್ತದೆ.

ಫೋರ್ಕಿನ ವಿಷಯದಲ್ಲಿ ಸ್ಟಿಯರರ್ ಟೇಪರ್ಡ್ ಎಂಬುದಷ್ಟೇ ಸಾಲದು, ಅದರ ಉದ್ದವೂ ಸಾಕಾಗಬೇಕು, ಏಕೆಂದರೆ ಅದನ್ನು ನಿಮ್ಮ ಹಳೆಯ ಫ್ರೇಮಿಗೆ ತಕ್ಕಂತೆ ಒಮ್ಮೆ ಕತ್ತರಿಸಿ ಆಗಿದೆ. ಫೋರ್ಕನ್ನು ಹೊರತೆಗೆದು, ಕ್ರೌನ್ ರೇಸ್ (ಹೆಡ್‌ಸೆಟ್ಟಿನ ಕೆಳಬಳೆ) ಕೂರುವ ಅಂಚಿನಿಂದ ತುದಿಯವರೆಗೆ ಅಳೆಯಿರಿ. ಹೊಸ ಫ್ರೇಮಿನ ಹೆಡ್ ಟ್ಯೂಬ್, ಹೆಡ್‌ಸೆಟ್ಟಿನ ಮೇಲಿನ ಕೆಳಗಿನ ಎತ್ತರ, ಸ್ಟೆಮ್ಮಿನ (ಹ್ಯಾಂಡಲ್ ಹಿಡಿಯುವ ತುಂಡಿನ) ಎತ್ತರ ಇವುಗಳನ್ನು ಕೂಡಿಸಿ. ಹೆಡ್ ಟ್ಯೂಬ್ 115, ಹೆಡ್‌ಸೆಟ್ 12, ಸ್ಟೆಮ್ 40 ಎಂದಾದರೆ 167 ಮಿ.ಮೀ. ಆಯಿತು, ಸ್ಟಿಯರರ್ 165 ಇದ್ದರೂ ನಡೆಯುತ್ತದೆ, ಮೇಲಿನ ಮುಚ್ಚಳ ಬಿಗಿಯಲು ತುದಿ ಸ್ಟೆಮ್ಮಿಗಿಂತ ಎರಡು ಮೂರು ಮಿ.ಮೀ. ಒಳಗಿರಬೇಕು ತಾನೆ. 155 ಆಗಿದ್ದರೆ ಮಾತ್ರ ಆ ಫ್ರೇಮನ್ನು ಬಿಟ್ಟುಬಿಡಿ. ಸ್ಟೆಮ್ಮಿನ ಕೆಳಗಿನ ಬೋಲ್ಟ್ ಹಿಡಿದಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡು ಇಳಿಜಾರಿನಲ್ಲಿ ಓಡಿಸುವ ಸಾಹಸ ಬೇಡ. ಹೆಡ್‌ಸೆಟ್ಟನ್ನು ಹೊಸ ಹೆಡ್ ಟ್ಯೂಬಿನ ಒಳವ್ಯಾಸಕ್ಕೆ ತಕ್ಕಂತೆ ಹೊಸದಾಗಿಯೇ ಕೊಳ್ಳಿ.

ಟ್ರಾವೆಲ್ಲಿನ ಮಾತು. 130 ಮಿ.ಮೀ. ಹಿಂಬದಿಗೆ 120ರ ಫೋರ್ಕ್ ತುಸು ಕಡಿಮೆ. ಆ ಫ್ರೇಮಿಗೆ ತಯಾರಕರು 130 ಅಥವಾ 140ರ ಫೋರ್ಕ್ ಕೊಟ್ಟಿದ್ದಿರಬಹುದು. ಫೋರ್ಕ್ 20 ಮಿ.ಮೀ. ಗಿಡ್ಡವಾದರೆ ಹೆಡ್ ಕೋನ ಸುಮಾರು ಒಂದು ಡಿಗ್ರಿ ಕಡಿದಾಗುತ್ತದೆ. ಹತ್ತುವಾಗ ಅನುಕೂಲ, ಇಳಿಯುವಾಗ ಮುಗ್ಗರಿಸುವ ಭಾವ. ಹಲವು ಏರ್ ಫೋರ್ಕ್‌ಗಳಲ್ಲಿ ಒಳಗಿನ ಏರ್ ಶಾಫ್ಟ್ ಒಂದನ್ನೇ ಬದಲಿಸಿ ಟ್ರಾವೆಲ್ ಹೆಚ್ಚಿಸಬಹುದು, ನಿಮ್ಮ ಮಾಡೆಲ್ಲಿಗೆ ಅದು ಸಿಗುತ್ತದೆಯೇ ಎಂದು ಈಗಲೇ ವಿಚಾರಿಸಿ. ಆದರೆ ಫ್ರೇಮ್ ತಯಾರಕರು ಹೇಳಿದ ಗರಿಷ್ಠ ಮಿತಿಯನ್ನು ದಾಟಬೇಡಿ. ಉದ್ದನೆಯ ಫೋರ್ಕ್ ಹೆಡ್ ಟ್ಯೂಬಿನ ಬೆಸುಗೆಯನ್ನು ಸನ್ನೆಗೋಲಿನಂತೆ ಮೀಟುತ್ತದೆ.

ಡ್ರಾಪರ್ ಪೋಸ್ಟಿನ ಬಗ್ಗೆ ನೀವು ವ್ಯಾಸ ಮಾತ್ರ ಬರೆದಿದ್ದೀರಿ. ಹಾರ್ಡ್‌ಟೇಲಿನ ಸೀಟ್ ಟ್ಯೂಬ್ ಮೇಲಿನಿಂದ ಕೆಳಗಿನವರೆಗೆ ಖಾಲಿ ಕೊಳವೆ. ಫುಲ್ ಸಸ್ಪೆನ್ಷನ್ ಫ್ರೇಮಿನಲ್ಲಿ ಅದು ನಡುವೆ ಬಾಗಿರಬಹುದು, ಅಥವಾ ಪಿವಟ್ಟಿನ (ಹಿಂದಿನ ತೋಳು ಆಡುವ ಕೀಲಿನ) ಬೋಲ್ಟ್ ಅಡ್ಡ ಬರಬಹುದು. ಪೋಸ್ಟ್ ಅರ್ಧಕ್ಕೇ ನಿಂತು, ಸೀಟು ನಿಮ್ಮ ಕಾಲಿಗೆ ಎತ್ತರವಾಗಿ ಉಳಿದರೆ ಒಳ್ಳೆಯ ಡ್ರಾಪರ್ ಇದ್ದೂ ಉಪಯೋಗವಿಲ್ಲ. ಒಂದು ಕೋಲನ್ನು ಟ್ಯೂಬಿನೊಳಗೆ ಇಳಿಸಿ ಎಷ್ಟು ಆಳ ಹೋಗುತ್ತದೆ ಎಂದು ಗುರುತು ಹಾಕಿಕೊಂಡು, ನಿಮ್ಮ ಪೋಸ್ಟಿನ ಕಾಲರಿನಿಂದ ಕೆಳತುದಿಯವರೆಗಿನ ಉದ್ದದೊಂದಿಗೆ ಹೋಲಿಸಿ. ಕೆಳಗಿನಿಂದ ಕೇಬಲ್ ಬರುವ ಪೋಸ್ಟಾಗಿದ್ದರೆ ಅದರ ತಿರುವಿಗೂ ಜಾಗ ಬಿಡಿ. ಆ ಕಾಲದ ಎಷ್ಟೋ ಫ್ರೇಮ್‌ಗಳಲ್ಲಿ ಡ್ರಾಪರ್ ಕೇಬಲ್ಲಿಗೆ ಒಳದಾರಿಯೇ ಇರುತ್ತಿರಲಿಲ್ಲ, ಅದನ್ನೂ ನೋಡಿ.

ಇನ್ನು ಬಳಸಿದ ಫ್ರೇಮಿನ ಆರೋಗ್ಯ. ಮಾರುವವರ ಎದುರಿಗೇ ಶಾಕನ್ನು ಬಿಚ್ಚಿಸಿ, ಹಿಂದಿನ ತೋಳನ್ನು ಕೈಯಿಂದ ಮೇಲಕ್ಕೂ ಕೆಳಕ್ಕೂ ಪೂರ್ತಿ ಆಡಿಸಿ. ಅದು ತಡೆಯಿಲ್ಲದೆ ತನ್ನ ಭಾರಕ್ಕೆ ಇಳಿಯಬೇಕು; ಮರಳು ಅರೆದಂತೆ ಕರಕರ ಎಂದರೆ ಬೇರಿಂಗ್ ಹೋಗಿದೆ. ಆಮೇಲೆ ತೋಳಿನ ತುದಿ ಹಿಡಿದು ಎಡಬಲಕ್ಕೆ ಅಲುಗಿಸಿ. ಬೇರಿಂಗ್ ಸವೆದಿದ್ದರೆ ಚಿಂತೆಯಿಲ್ಲ: ಹಲವು ಫ್ರೇಮ್‌ಗಳ ಪಿವಟ್ಟಿನಲ್ಲಿ 6902, 6903, 6802 ಎಂಬಂಥ ಸಾಮಾನ್ಯ ಅಂಕಿಯ ಬೇರಿಂಗ್‌ಗಳೇ ಇರುತ್ತವೆ, ಅವನ್ನು ಸೈಕಲ್ ಅಂಗಡಿಗೇ ಹೋಗಿ ಹುಡುಕಬೇಕಿಲ್ಲ, ಮೈಸೂರಿನ ಬೇರಿಂಗ್ ಅಂಗಡಿಯಲ್ಲಿ ಕೇಳಿದರೂ ಆದೀತು. ಆದರೆ ಬೇರಿಂಗ್ ಕೂರುವ ಗೂಡೇ ಅಗಲವಾಗಿ ಹೊಸ ಬೇರಿಂಗ್ ಬೆರಳಿನ ಒತ್ತಡಕ್ಕೇ ಒಳಗೆ ಜಾರುವಂತಿದ್ದರೆ ಆ ಫ್ರೇಮಿಗೆ ದುರಸ್ತಿ ಇಲ್ಲವೆಂದೇ ತಿಳಿಯಿರಿ. ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ತೂಗುವ ಹ್ಯಾಂಗರ್ ಬಗ್ಗೆಯೂ ಎಚ್ಚರ ಬೇಕು. 2019ರಲ್ಲಿ ಸ್ರ್ಯಾಮ್ ಕಂಪನಿ ಯೂನಿವರ್ಸಲ್ ಹ್ಯಾಂಗರ್ ತರುವ ಮುನ್ನ ಒಂದೊಂದು ಫ್ರೇಮಿಗೂ ಒಂದೊಂದು ಆಕಾರದ ಹ್ಯಾಂಗರ್ ಇರುತ್ತಿತ್ತು. ಆ ತುಂಡು ಈಗ ಸಿಗುತ್ತದೆಯೇ ಎಂದು ಖಚಿತಪಡಿಸಿಕೊಂಡು, ಎರಡನ್ನು ಕೊಂಡಿಟ್ಟುಕೊಂಡ ಮೇಲೆಯೇ ಫ್ರೇಮಿಗೆ ಹಣ ಕೊಡಿ.

ಜೋಡಿಸುವಾಗ ಚೈನನ್ನು ಹಾರ್ಡ್‌ಟೇಲಿನಲ್ಲಿದ್ದಷ್ಟೇ ಉದ್ದಕ್ಕೆ ಹಾಕಬೇಡಿ. ಹಿಂಬದಿ ಕುಸಿದಂತೆ ಕ್ರ್ಯಾಂಕಿಗೂ ಹಿಂದಿನ ಆ್ಯಕ್ಸಲ್‌ಗೂ ನಡುವಿನ ದೂರ ಸಾಮಾನ್ಯವಾಗಿ ಹೆಚ್ಚುತ್ತದೆ. ಶಾಕಿನ ಗಾಳಿ ತೆಗೆದು, ಆ ದೂರ ಅತಿ ಹೆಚ್ಚಾಗುವ ಸ್ಥಿತಿಯಲ್ಲಿ, ಅತಿ ದೊಡ್ಡ ಹಲ್ಲುಚಕ್ರದ ಮೇಲೆ ಚೈನ್ ಇಟ್ಟು ಉದ್ದ ಗೊತ್ತುಮಾಡಿ. ಇಲ್ಲದಿದ್ದರೆ ಮೊದಲ ದೊಡ್ಡ ಗುಂಡಿಯಲ್ಲೇ ಡಿರೇಲರ್ ಕಿತ್ತು ಬರುತ್ತದೆ. ಹಿಂದಿನ ಬ್ರೇಕಿನ ಹೋಸ್ ಪೈಪಿಗೂ ಇದೇ ಕಾರಣಕ್ಕೆ ಸ್ವಲ್ಪ ಸಡಿಲ ಬೇಕು.

ಈ ಪರೀಕ್ಷೆಗಳಲ್ಲಿ ಮೊದಲ ಫ್ರೇಮ್ ಸೋತರೆ, 27.5 ಇಂಚಿನ ಬೂಸ್ಟ್ ಫ್ರೇಮೊಂದು ಸಿಗುವವರೆಗೆ ಕಾಯುವುದು ಒಳಿತು. ನಿಮ್ಮ ಹಬ್ಬನ್ನು ಕಿಟ್ ಹಾಕಿ ಅಗಲಿಸಿದರೆ ಹಲ್ಲುಚಕ್ರಗಳು ಹಳೆಯ ಜಾಗದಲ್ಲೇ ಉಳಿಯುವುದರಿಂದ ನಿಮ್ಮ ಹಳೆಯ ಕ್ರ್ಯಾಂಕಿನ ಚೈನ್ ಲೈನಿಗೂ ಅದು ಸರಿಹೊಂದುತ್ತದೆ. ಮುಂದಿನ ಹಲ್ಲುಚಕ್ರ ಚೈನ್‌ಸ್ಟೇಗೆ (ಹಿಂದಿನ ಚಕ್ರದತ್ತ ಹೋಗುವ ಕೆಳಗಿನ ಕೊಳವೆಗೆ) ತಾಗುವುದಿಲ್ಲವೆಂದು ಮಾತ್ರ ನೋಡಿಕೊಳ್ಳಿ.

ಪ್ರಶ್ನೆ: ಶಾಕ್ ಇಲ್ಲದ ಫ್ರೇಮೊಂದನ್ನು ಕೊಂಡಿದ್ದೇನೆ. ಅದಕ್ಕೆ 190×45 ಶಾಕ್ ಬೇಕು. ಗೆಳೆಯನ ಬಳಿ 7.5×2 ಇಂಚಿನ ಹಳೆಯ ಶಾಕ್ ಇದೆ. ಉದ್ದ ಹೆಚ್ಚುಕಡಿಮೆ ಒಂದೇ ಇರುವುದರಿಂದ ಹಾಕಬಹುದೆ? (ಓದುಗರು, ಚಿಕ್ಕಮಗಳೂರು)

ಉತ್ತರ: ಉದ್ದ ಒಂದೇ, ಅಪಾಯವಿರುವುದು ಸ್ಟ್ರೋಕಿನಲ್ಲಿ. 2016ರಲ್ಲಿ ಮೆಟ್ರಿಕ್ ಅಳತೆಯ ಶಾಕ್‌ಗಳು ಬರುವ ಮುನ್ನ ಇಂಚಿನ ಲೆಕ್ಕ ನಡೆಯುತ್ತಿತ್ತು, 7.5 ಇಂಚು ಎಂದರೆ 190.5 ಮಿ.ಮೀ., ಅದು ಕೂರುತ್ತದೆ. ಆದರೆ 2 ಇಂಚಿನ ಸ್ಟ್ರೋಕ್ ಸುಮಾರು 51 ಮಿ.ಮೀ. ಆಗುತ್ತದೆ, ನಿಮ್ಮ ಫ್ರೇಮಿಗೆ ಬೇಕಾದದ್ದಕ್ಕಿಂತ 6 ಮಿ.ಮೀ. ಹೆಚ್ಚು. ಟ್ರಾವೆಲ್ಲನ್ನು ಸ್ಟ್ರೋಕಿನಿಂದ ಭಾಗಿಸಿದರೆ ಲಿವರೇಜ್ ಅನುಪಾತ ಬರುತ್ತದೆ, ಅದು 2.6 ಇದ್ದರೆ ಈ 6 ಮಿ.ಮೀ. ಹಿಂದಿನ ಚಕ್ರದ ಬಳಿ 15 ಮಿ.ಮೀ.ಗೂ ಹೆಚ್ಚಿನ ಚಲನೆಯಾಗುತ್ತದೆ. ಅಷ್ಟಕ್ಕೆ ಟೈರ್ ಸೀಟ್ ಟ್ಯೂಬಿಗೋ, ಲಿಂಕ್ ಫ್ರೇಮಿಗೋ ಬಡಿಯಬಹುದು. ಕೆಲವು ಶಾಕ್‌ಗಳೊಳಗೆ ಸ್ಪೇಸರ್ ಹಾಕಿ ಸ್ಟ್ರೋಕ್ ತಗ್ಗಿಸಬಹುದು; ಅದು ಶಾಕ್ ಸರ್ವಿಸ್ ಬಲ್ಲವರ ಕೆಲಸ. ಅದಾಗದಿದ್ದರೆ ಸರಿಯಾದ ಅಳತೆಯದನ್ನೇ ಕೊಳ್ಳಿ. ಕೊಳ್ಳುವಾಗ ಎರಡು ತುದಿಯ ಬುಷ್‌ಗಳ ಅಗಲವನ್ನೂ ಬೋಲ್ಟಿನ ವ್ಯಾಸವನ್ನೂ ಫ್ರೇಮಿನಲ್ಲೇ ವರ್ನಿಯರ್ ಇಟ್ಟು ಅಳೆದುಕೊಂಡು ಹೋಗಿ, ಅವು ಶಾಕಿನ ಜೊತೆ ಬರುವುದಿಲ್ಲ.

ಪ್ರಶ್ನೆ: 26 ಇಂಚಿನ ಚಕ್ರ, 3×9 ಗೇರು, ನೇರ ಸ್ಟಿಯರರ್, ಕ್ವಿಕ್ ರಿಲೀಸ್ ಹಬ್‌ಗಳಿರುವ ನನ್ನ ಸೈಕಲ್ಲಿನ ಭಾಗಗಳನ್ನು ಈಗಿನ ಫುಲ್ ಸಸ್ಪೆನ್ಷನ್ ಫ್ರೇಮಿಗೆ ವರ್ಗಾಯಿಸಬಹುದೆ? (ಓದುಗರು, ಶಿರಸಿ)

ಉತ್ತರ: ಬೇಡ. ಈಗಿನ ಬಹುತೇಕ ಫ್ರೇಮ್‌ಗಳಲ್ಲಿ ಮುಂದಿನ ಡಿರೇಲರ್ ಕೂರಿಸಲು ಜಾಗವೇ ಇರುವುದಿಲ್ಲ, ನಿಮ್ಮ ಮೂರು ಹಲ್ಲುಚಕ್ರದ ಕ್ರ್ಯಾಂಕ್ ಅಲ್ಲಿಗೇ ನಿಂತಿತು. ಹಿಂದಿನ 135ರ ಹಬ್, 26 ಇಂಚಿನ ರಿಮ್, ಚಿಕ್ಕ ಟ್ರಾವೆಲ್ಲಿನ ಫೋರ್ಕ್ ಒಂದೊಂದೂ ಬೇರೆ ಬೇರೆ ಕಾರಣಕ್ಕೆ ತಕರಾರು ತೆಗೆಯುತ್ತವೆ. 26 ಇಂಚಿನ ಕಾಲದ ಫುಲ್ ಸಸ್ಪೆನ್ಷನ್ ಫ್ರೇಮ್ ಸುಸ್ಥಿತಿಯಲ್ಲಿ ಸಿಕ್ಕರೆ ಮಾತ್ರ ಈ ಯೋಜನೆ ಕೈಗೂಡುತ್ತದೆ, ಅದರಲ್ಲೂ ಶಾಕ್ ಕೆಲಸ ಮಾಡುತ್ತಿರಬೇಕು ಮತ್ತು ಹಿಂದಿನ ಡ್ರಾಪ್‌ಔಟ್ (ಆ್ಯಕ್ಸಲ್ ಕೂರುವ ಫ್ರೇಮಿನ ತುದಿ) ಕ್ವಿಕ್ ರಿಲೀಸಿನದ್ದಾಗಿರಬೇಕು. ಇಲ್ಲವಾದರೆ ಬ್ರೇಕ್, ಪೆಡಲ್, ಸೀಟು ಇಷ್ಟನ್ನು ಉಳಿಸಿಕೊಂಡು ಉಳಿದದ್ದನ್ನು ಸೈಕಲ್ ಸಮೇತ ಮಾರಿ.