ಮುಖ್ಯ ಕಲಾವಿದ ಯಾರು ಸ್ವಾಮಿ?

ಶಿವಮೊಗ್ಗದ ನಿವೃತ್ತ ಮೇಷ್ಟ್ರೊಬ್ಬರು, ನಮ್ಮ ಹಳೆಯ ಚಂದಾದಾರರು, ಎರಡು ಪುಟದ ಕಾಗದ ಬರೆದಿದ್ದಾರೆ. ಕಳೆದ ಸಂಚಿಕೆಯಲ್ಲಿ, ನಮ್ಮವರೂ ಒಬ್ಬ ಇಂಗ್ಲಿಷ್ ಗಿಟಾರಿನವರೂ ಸೇರಿ ಕಟ್ಟಿದ ‘ಶಕ್ತಿ’ ಸಂಗೀತ ತಂಡದ ಮೇಲೆ ಲೇಖನ ಹಾಕಿದ್ದು ಅವರಿಗೆ ಸರಿಬಂದಿಲ್ಲ. ಗಿಟಾರಿಗೆ ಗಮಕ, ಅಂದರೆ ಸ್ವರವನ್ನು ಜಾರಿಸಿ ತೂಗಿಸುವುದು, ಒಗ್ಗುವುದಿಲ್ಲ ಎನ್ನುವುದು ಅವರ ಮೊದಲ ತಕರಾರು. 1977ರ ಆಲ್ಬಮ್ಮಿನ ಮೇಲೆ ಸ್ಟುಡಿಯೊ ಕಡೆ ತಲೆಹಾಕದವರು 46 ವರ್ಷ ಬಿಟ್ಟು ಒಂದು ರೆಕಾರ್ಡು ಮಾಡಿ ಗ್ರ್ಯಾಮಿ ಪಡೆದರೆ ಅದು ಹಳೆಯ ಹೆಸರಿಗೆ ಸಂದ ಮರ್ಯಾದೆಯೇ ಹೊರತು ಸಂಗೀತಕ್ಕಲ್ಲ ಎನ್ನುವುದು ಎರಡನೆಯದು. ಮೂರನೆಯದನ್ನು ಕೆಂಪು ಶಾಯಿಯಲ್ಲಿ ಬರೆದಿದ್ದಾರೆ: ‘ಇವರಲ್ಲಿ ಮುಖ್ಯ ಕಲಾವಿದ ಯಾರು, ಪಕ್ಕವಾದ್ಯ ಯಾವುದು ಎಂದೇ ತಿಳಿಯುವುದಿಲ್ಲ!’

ಮೇಷ್ಟ್ರೇ, ರೆಕಾರ್ಡಿನ ವಿಷಯದಲ್ಲಿ ನಿಮ್ಮ ಮಾತಿಗೆ ಅರ್ಧ ಒಪ್ಪಿಗೆ. 2023ರ ‘ದಿಸ್ ಮೊಮೆಂಟ್’ ಎಲ್ಲರೂ ಒಂದೇ ಜಮಖಾನದ ಮೇಲೆ ಕೂತು ನುಡಿಸಿದ್ದಲ್ಲ. ಒಬ್ಬೊಬ್ಬರು ತಮ್ಮ ತಮ್ಮ ಊರಲ್ಲಿ ಕೂತು ನುಡಿಸಿ ಕಳಿಸಿದ್ದನ್ನು ಜೋಡಿಸಿದ್ದು. ಹಳೆಯ ರೆಕಾರ್ಡುಗಳಲ್ಲಿದ್ದ ಮರದ ಗಿಟಾರಿನ ನಾದ ಇದರಲ್ಲಿ ಕಡಿಮೆ ಎಂದು ನನ್ನ ಕಿವಿಗೂ ಅನಿಸಿತು. ಆಯಿತು, ಅಷ್ಟೇ.

ಗಮಕದ ವಿಷಯಕ್ಕೆ ಬನ್ನಿ. ತಂಡದ ಗಿಟಾರಿನವರಾದ ಜಾನ್ ಮೆಕ್‌ಲಾಫ್ಲಿನ್ ಕಿವಿಗಡಚಿಕ್ಕುವ ಎಲೆಕ್ಟ್ರಿಕ್ ಸಂಗೀತದಿಂದ ದುಡ್ಡು, ಹೆಸರು ಎರಡನ್ನೂ ಮಾಡಿದ್ದವರು. ಅಂಥವರು ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಎಸ್. ರಾಮನಾಥನ್ ಅವರ ಮುಂದೆ ಕೂತು ವೀಣೆಯ ಪಾಠ ಹೇಳಿಸಿಕೊಂಡರು. ಆಮೇಲೆ ಗಿಬ್ಸನ್ ಕಂಪನಿಯ ಏಬ್ ವೆಕ್ಟರ್ ಅವರಿಂದ ಒಂದು ಅಕೌಸ್ಟಿಕ್ ಗಿಟಾರು ಮಾಡಿಸಿಕೊಂಡರು. ಅದರ ಮೆಟ್ಟಿಲು (ಫ್ರೆಟ್ಟು) ಮೆಟ್ಟಿಲಿನ ನಡುವಿನ ಮರವನ್ನು ದೊನ್ನೆಯ ಹಾಗೆ ಒಳಕ್ಕೆ ಕೆತ್ತಲಾಗಿತ್ತು. ಬೆರಳು ಮರಕ್ಕೆ ತಾಗದೆ ತಂತಿ ಜಗ್ಗಬಹುದು, ನಮ್ಮ ವೀಣೆಯಲ್ಲಿ ಜಗ್ಗಿದ ಹಾಗೆ. ಆರು ತಂತಿಯ ಅಡಿಯಲ್ಲಿ ಓರೆಯಾಗಿ ಇನ್ನೂ ಏಳು, ಶ್ರುತಿಗೆ. ಇಷ್ಟು ಪಾಡುಪಟ್ಟವನಿಗೆ ‘ಒಗ್ಗುವುದಿಲ್ಲ’ ಎಂದು ಒಂದೇ ಸಾಲಿನಲ್ಲಿ ಫೇಲು ಮಾಡಿದಿರಲ್ಲ! ಪಿಟೀಲು ಕೂಡ ಹಡಗು ಹತ್ತಿ ಬಂದದ್ದೇ ತಾನೆ?

ಇನ್ನು ಕೆಂಪು ಶಾಯಿಯ ಸಾಲು. ನೀವು ದೋಷ ಎಂದದ್ದಕ್ಕಾಗಿಯೇ ನಾನು ಆ ತಂಡದ ಕಾಲಿಗೆ ಬೀಳುತ್ತೇನೆ. ಗಿಟಾರು, ಎಲ್. ಶಂಕರ್ ಅವರ ಪಿಟೀಲು, ಜಾಕಿರ್ ಹುಸೇನರ ತಬಲಾ, ವಿಕ್ಕು ವಿನಾಯಕರಾಮ್ ಅವರ ಘಟ. ಮೊದಲ ರೆಕಾರ್ಡಿನಲ್ಲಿ ಮೃದಂಗ ನುಡಿಸಿದ ರಾಮನಾಡ್ ರಾಘವನ್ ಬಿಟ್ಟ ಮೇಲೆ ಈ ನಾಲ್ವರೇ. ನಮ್ಮ ಕಛೇರಿಯಲ್ಲಿ ಘಟ ಎಂದರೆ ಉಪಪಕ್ಕವಾದ್ಯ, ಅಂದರೆ ಪಕ್ಕದವರ ಪಕ್ಕದಲ್ಲಿ ಕೂರುವವರು. ಮೃದಂಗದವರು ಕಣ್ಣು ಸನ್ನೆ ಮಾಡಿದ ಮೇಲೆ ಕೈ ಎತ್ತಬೇಕು. ಇಲ್ಲಿ ಅದೇ ಮಣ್ಣಿನ ಗಡಿಗೆ ತಬಲಾದೊಂದಿಗೆ ಎದುರುಬದುರು ಕೂತು ಸವಾಲಿಗೆ ಸವಾಲು ಹಾಕಿತು. ಇಂಗ್ಲಿಷ್ ಗಿಟಾರಿನವನು ಚಕ್ಕಂಬಕ್ಕಳ ಹಾಕಿ ಕೂತು ತಾಳ ಎಣಿಸುತ್ತ ಕೇಳಿದ. ತಂಡ ನಾಲ್ಕೈದು ವರ್ಷದಲ್ಲಿ ಚದುರಿತು, 1997ರಲ್ಲಿ ‘ರಿಮೆಂಬರ್ ಶಕ್ತಿ’ ಎಂದು ಮತ್ತೆ ಸೇರಿತು. ಅಪ್ಪ ವಿನಾಯಕರಾಮ್ ಅವರ ಜಾಗದಲ್ಲಿ ಮಗ ಸೆಲ್ವಗಣೇಶ್ ಖಂಜಿರ ಹಿಡಿದು ಬಂದರು. ಮ್ಯಾಂಡೊಲಿನ್ ಶ್ರೀನಿವಾಸ್ ಬಂದರು, 2014ರಲ್ಲಿ ತೀರಿಹೋಗಿಬಿಟ್ಟರು. 2024ರ ಫೆಬ್ರವರಿಯಲ್ಲಿ ಗ್ರ್ಯಾಮಿ, ಡಿಸೆಂಬರಿನಲ್ಲಿ ಜಾಕಿರ್ ಇಲ್ಲ. ಆ ರೆಕಾರ್ಡನ್ನು ಈಗ ಹಾಕಿಕೊಂಡರೆ ತಬಲಾ ಬರುವ ಕಡೆ ನಾನು ಮಾತು ನಿಲ್ಲಿಸುತ್ತೇನೆ.

ಪಕ್ಕವಾದ್ಯಗಾರರೊಬ್ಬರ, ಪಿಟೀಲು ಚೌಡಯ್ಯನವರ, ಹೆಸರಿನಲ್ಲಿ ಪಿಟೀಲಿನ ಆಕಾರದ್ದೇ ಸಭಾಂಗಣ ಕಟ್ಟಿದ ಊರು ನಮ್ಮ ಬೆಂಗಳೂರು. ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿಗೂ ಕೇಳಲಿ ಎಂದು ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿದರು. ವಿನಾಯಕರಾಮ್ ಅವರ ಶಿಷ್ಯೆ ಸುಕನ್ಯಾ ರಾಮಗೋಪಾಲ್ ಇದೇ ಊರಲ್ಲಿದ್ದಾರೆ. ಬೇರೆ ಬೇರೆ ಶ್ರುತಿಯ ಘಟಗಳನ್ನು ಸುತ್ತಲೂ ಇಟ್ಟುಕೊಂಡು ರಾಗವನ್ನೇ ನುಡಿಸುತ್ತಾರೆ. ಹೆಂಗಸು ಘಟಕ್ಕೆ ಕೂತರೆ ನಾವು ಮೃದಂಗ ನುಡಿಸೆವು ಎಂದವರನ್ನೂ ಅವರು ಕಂಡಿದ್ದಾರೆ. ಇಂಥ ಊರಿನ ಕಛೇರಿಗಳಲ್ಲಿ ತನಿ ಆವರ್ತನ, ಅಂದರೆ ತಾಳವಾದ್ಯದವರೇ ನುಡಿಸುವ ಪಾಲು, ಶುರುವಾದ ಕೂಡಲೇ ಏನಾಗುತ್ತದೆ ಮೇಷ್ಟ್ರೇ? ಅರ್ಧ ಸಭೆ ಎದ್ದು ಕ್ಯಾಂಟೀನಿಗೆ ಹೋಗುತ್ತದೆ. ಒಂದು ರಾಮೋತ್ಸವದ ಪೆಂಡಾಲಿನಲ್ಲಿ ನಾನೂ ಹಾಗೆ ಎದ್ದು, ಉದ್ದಿನವಡೆ ತಿನ್ನುತ್ತಾ ಮಿಶ್ರಛಾಪು ತಾಳದ ಮುಕ್ತಾಯದ ಮೋರಾ ಕೇಳಿದ್ದೇನೆ, ಪಾಪಿ. ಅಂದು ಕಛೇರಿ ಮುಗಿದ ಮೇಲೆ ಘಟದವರು ಹಳೆಯ ಹೊದಿಕೆಯಲ್ಲಿ ಘಟ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎದೆಗವಚಿ ಕೊನೆಯ ಬಸ್ಸಿಗೆ ಓಡುತ್ತಿದ್ದರು. ಆಹ್ವಾನಪತ್ರಿಕೆಯಲ್ಲಿ ಅವರ ಹೆಸರಿರಲಿಲ್ಲ. ‘ಮತ್ತು ವೃಂದ’ ಎಂದಿತ್ತು. ‘ವೃಂದದಲ್ಲಿ ನಾನೊಬ್ಬನೇ ಇದ್ದೆ ಸಾರ್’ ಎಂದು ನಕ್ಕು ಹೋದರು.

ಆಕಾಶವಾಣಿಯವರಾದರೂ ಪಿಟೀಲಿನಲ್ಲಿ ಇಂಥವರು, ಮೃದಂಗದಲ್ಲಿ ಇಂಥವರು, ಘಟದಲ್ಲಿ ಇಂಥವರು ಎಂದು ಬಾಯಿತುಂಬ ಹೇಳುತ್ತಾರೆ. ಈಗಿನ ಮೊಬೈಲು ಆ್ಯಪುಗಳಲ್ಲಿ ಎರಡೂವರೆ ಗಂಟೆಯ ಕಛೇರಿಗೆ ಒಂದೇ ಹೆಸರು, ಒಂದೇ ಮುಖ. ಮೃದಂಗ ಯಾರದೆಂದು ತಿಳಿಯಲು ಯೂಟ್ಯೂಬಿನ ಕೆಳಗೆ ಯಾರೋ ಪುಣ್ಯಾತ್ಮರು ಬರೆದಿದ್ದಾರೆಯೇ ಎಂದು ಹುಡುಕಬೇಕು. ಕಛೇರಿ ವಿಮರ್ಶೆಗಳೋ, ಹದಿನೈದು ಸಾಲು ಗಾಯಕರಿಗೆ, ಕೊನೆಯ ಸಾಲಿನಲ್ಲಿ ‘ಪಕ್ಕವಾದ್ಯ ಹಿತಮಿತವಾಗಿತ್ತು’. ಹಿತಮಿತವೆಂದರೆ ಕೇಳಲಿಲ್ಲ ಎಂದರ್ಥ.

ಇಷ್ಟೆಲ್ಲ ಬರೆದ ಮೇಲೆ ಒಂದು ತಪ್ಪೊಪ್ಪಿಗೆ ಬಾಕಿ ಇದೆ. ಹೋದ ವರ್ಷದ ನಮ್ಮ ಯುಗಾದಿ ವಿಶೇಷಾಂಕದಲ್ಲಿ ಒಂದು ಕಛೇರಿಯ ಫೋಟೊ ಹಾಕಿದ್ದೆವು. ಜಾಹೀರಾತು ಬಂತೆಂದು ಎರಡು ಕಾಲಮ್ಮಿನದನ್ನು ಒಂದಕ್ಕೆ ಇಳಿಸಿ ಕತ್ತರಿಸಿದೆವು. ಪುಟಕ್ಕೆ ಒಪ್ಪಿಗೆಯ ಸಹಿ ಹಾಕಿದವನು ನಾನೇ. ಅಚ್ಚಾಗಿ ಬಂದಾಗ ನೋಡಿದರೆ ಬಲಗಡೆ ಅಂಚಿನಲ್ಲಿ ಒಂದು ಮೊಣಕಾಲು, ಅರ್ಧ ಗಡಿಗೆ, ಎತ್ತಿದ ಒಂದು ಕೈ.