ಅಲುಗಿಸುವ ಕಾಲು, ಅಲುಗುವ ಕಾಲು
ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್‌ನಲ್ಲಿ (ಕಾಲು ಅಲುಗಿಸಲೇಬೇಕೆಂಬ ಒತ್ತಡ ಕಾಡುವ ತೊಂದರೆ) ಕಾಲನ್ನು ನಾವೇ ಅಲುಗಿಸುತ್ತೇವೆಯೋ, ಅದು ತಾನಾಗಿ ಅಲುಗುತ್ತದೆಯೋ ಎಂದು ಕೇಳಿದ್ದೀರಿ. ಎರಡೂ ಇರಬಹುದು. ಎಚ್ಚರವಿದ್ದಾಗ ಒಳಗೆ ಏನೋ ಹರಿದಾಡಿದಂತಾಗಿ, ತಡೆಯಲಾರದೆ ಕಾಲು ಚಾಚುವುದು, ಎದ್ದು ನಡೆಯುವುದು ನಿಮ್ಮದೇ ಚಲನೆ. ಆದರೆ ಆ ಒತ್ತಡ ನಿಮ್ಮ ಕೈಯಲ್ಲಿಲ್ಲ. ಆದ್ದರಿಂದ ‘ಮನಸ್ಸು ಗಟ್ಟಿ ಮಾಡಿಕೊಂಡು ಸುಮ್ಮನೆ ಮಲಗು’ ಎನ್ನುವವರ ಮಾತಿಗೆ ದಯವಿಟ್ಟು ನೊಂದುಕೊಳ್ಳಬೇಡಿ.

ನಿದ್ದೆಯಲ್ಲಿ ಹೆಬ್ಬೆರಳು ಸೆಟೆದು, ಪಾದವೂ ಮಂಡಿಯೂ ಮಡಚಿಕೊಂಡು, ಸಾಮಾನ್ಯವಾಗಿ 20ರಿಂದ 40 ಸೆಕೆಂಡಿಗೊಮ್ಮೆ ಮರುಕಳಿಸುವ ಚಲನೆ ಅನೈಚ್ಛಿಕ. ಈ ತೊಂದರೆ ಇರುವ ಹೆಚ್ಚಿನವರಲ್ಲಿ ಅದೂ ಇರುತ್ತದೆ. ನಿಮಗೆ ತಿಳಿಯದಿರಬಹುದು, ಪಕ್ಕದಲ್ಲಿ ಮಲಗುವವರನ್ನು ಕೇಳಿ ನೋಡಿ. ವೈದ್ಯರಿಗೆ ಎರಡನ್ನೂ ಬೇರೆಬೇರೆಯಾಗಿಯೇ ವಿವರಿಸಿ. ಕಬ್ಬಿಣದ ಕೊರತೆಗೂ ಈ ತೊಂದರೆಗೂ ನಂಟಿರುವುದರಿಂದ, ದೇಹದ ಕಬ್ಬಿಣದ ಸಂಗ್ರಹವನ್ನು ತಿಳಿಸುವ ಫೆರಿಟಿನ್ ಎಂಬ ರಕ್ತಪರೀಕ್ಷೆಯ ಬಗ್ಗೆಯೂ ವಿಚಾರಿಸಿ. ಹಿಮೋಗ್ಲೋಬಿನ್ ಸರಿಯಿದ್ದರೂ ಈ ಸಂಗ್ರಹ ಕಡಿಮೆಯಿರಬಹುದು.